ನೀರೊಳಗಿನ ಕ್ಯಾಮೆರಾ: ಕೀಲಿಗೆ ದುಡ್ಡು ಹಾಕಿ, ಕಡ್ಡಿಯಲ್ಲಿ ಉಳಿಸಿ

ನೀರೊಳಗೆ ಇಳಿಸಲು ಕ್ಯಾಮೆರಾ, ಲೈಟು ಹಿಡಿಸುವ ಎರಡು ಸೆಟ್ ನನ್ನ ಹತ್ತಿರ ಇವೆ. ಒಂದು ಆನ್‌ಲೈನ್‌ನಲ್ಲಿ ಸಿಗುವ, ಮೇಲೆ ಯಾವ ಹೆಸರೂ ಇಲ್ಲದ ಸೆಟ್. ಅಲ್ಯೂಮಿನಿಯಂ ಟ್ರೇ, ಎರಡು ಹಿಡಿಕೆ, ಎರಡು ಆರ್ಮ್ (ಲೈಟು ಚಾಚಿ ಹಿಡಿಯುವ ಕಡ್ಡಿ), ನಾಲ್ಕು ಕ್ಲ್ಯಾಂಪ್, ಎಲ್ಲಾ ಸೇರಿ 5,000 ರೂಪಾಯಿ ಒಳಗೆ ಬಂತು. ಇನ್ನೊಂದು ಅಮೆರಿಕದ ಅಲ್ಟ್ರಾಲೈಟ್ ಕಂಪನಿಯದು. ಅದರ ಒಂದೊಂದು ಕ್ಲ್ಯಾಂಪಿಗೇ ಸುಂಕ, ಕೊರಿಯರ್ ಸೇರಿ 4,000 ರೂಪಾಯಿ ಹತ್ತಿರ ಬಿತ್ತು. ಎರಡನ್ನೂ ಚನ್ನಗಿರಿ ಕಡೆಯ ತೋಟದ ಬಾವಿಗಳಲ್ಲಿ, ಸೂಳೆಕೆರೆಯಲ್ಲಿ, ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲ ಸಮುದ್ರದಲ್ಲಿ ಚೆನ್ನಾಗಿ ದುಡಿಸಿದ್ದೇನೆ. ಯಾವುದನ್ನು ಕೊಳ್ಳಬೇಕು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಹಾಗಾಗಿ ಕಂಡದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ಕೆಲಸ ಬೇರೆಯಾದರೆ ಸಲಹೆಯೂ ಬೇರೆಯಾಗುತ್ತದೆ. ದಾವಣಗೆರೆ ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಸೀಸನ್‌ನಲ್ಲಿ ಮದುವೆ ವಿಡಿಯೋ. ಆಷಾಢ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಆಗ ಬಾವಿ ಕೆಲಸ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು ಫೋನ್ ಮಾಡುತ್ತಾರೆ. "ಫುಟ್‌ವಾಲ್ವ್ ಹೂಳಲ್ಲಿ ಕೂತಿದೆಯೋ ಏನೋ, ನೀರೇ ಎತ್ತುತ್ತಿಲ್ಲ. ಒಂದ್ಸಲ ಕ್ಯಾಮೆರಾ ಬಿಟ್ಟು ನೋಡ್ರಿ" ಅನ್ನುತ್ತಾರೆ. ಫುಟ್‌ವಾಲ್ವ್ ಅಂದರೆ ನೀರು ಎಳೆಯುವ ಪೈಪಿನ ತಳದ ಕವಾಟ. ಆಕ್ಷನ್ ಕ್ಯಾಮೆರಾ, ಎರಡು ಲೈಟು ಹಿಡಿಸಿದ ಟ್ರೇಯನ್ನು ಕೋಲಿಗೆ ಬಿಗಿದು ಕೆಳಗಿಳಿಸುತ್ತೇನೆ. ಕೋಲು ಅಂದರೆ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ. ಹಗುರ, ಉದ್ದ, ತೋಟದಲ್ಲೇ ಇರುತ್ತದೆ. ಆದರೆ ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ದೋಟಿ ಎತ್ತುವ ಮೊದಲು ತಲೆ ಮೇಲೆ ತಂತಿ ಇದೆಯಾ ನೋಡಿ, ಸ್ಟಾರ್ಟರ್ ಆಫ್ ಮಾಡಿಸಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯಬೇಕು. ಇದನ್ನು ನಾನು ಪ್ರತಿ ತೋಟದಲ್ಲೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಈ ಕೆಲಸದಲ್ಲಿ ಕಷ್ಟ ಇರುವುದು ಒಂದು ಕಡೆ. ವೈಫೈ ಆಗಲಿ ಬ್ಲೂಟೂತ್ ಆಗಲಿ ನೀರಿನೊಳಗೆ ನಡೆಯುವುದಿಲ್ಲ. ಕ್ಯಾಮೆರಾ ನೀರಿಗೆ ಇಳಿದು ಒಂದು ಗೇಣು ಹೋಗುವುದರೊಳಗೆ ಮೊಬೈಲ್‌ನಲ್ಲಿ ಚಿತ್ರ ಕಟ್ ಆಗುತ್ತದೆ. ಬೋರ್‌ವೆಲ್ ಕ್ಯಾಮೆರಾದವರ ಹತ್ತಿರ ಕೇಬಲ್ ಇರುತ್ತದೆ, ಅವರು ಮೇಲೆ ಕೂತೇ ನೋಡಬಹುದು. ನನ್ನದು ಹಾಗಲ್ಲ. ಮೇಲೆ ಒಂದು ದಿಕ್ಕಿಗೆ ಬಿಗಿದು ಕಳಿಸಿದರೆ ಕೆಳಗೂ ಅದೇ ದಿಕ್ಕಿಗೆ ನೋಡುತ್ತಿರುತ್ತದೆ ಅಂತ ನಂಬಬೇಕು. ನಡುವೆ ಕ್ಲ್ಯಾಂಪ್ ಒಂದಿಷ್ಟು ಜಾರಿತೆಂದರೆ ಫುಟ್‌ವಾಲ್ವ್ ಬದಲು ಬಾವಿಯ ಕಲ್ಲಿನ ಗೋಡೆ ರೆಕಾರ್ಡ್ ಆಗಿರುತ್ತದೆ. ಅದು ಗೊತ್ತಾಗುವುದು ಮೇಲೆ ಬಂದ ಮೇಲೆ.

ಅದಕ್ಕೇ ನಾನು ಮೊದಲು ನೋಡುವುದು ಕೀಲನ್ನು, ಅಂದರೆ ಕ್ಲ್ಯಾಂಪ್ ಬಿಗಿದು ಹಿಡಿಯುವ ಜಾಗವನ್ನು.

ನೀರೊಳಗಿನ ಕ್ಯಾಮೆರಾ ಸಾಮಾನಿನಲ್ಲಿ ಬಹಳ ಕಡೆ ಒಂದೇ ಪದ್ಧತಿ. ಟ್ರೇ ಮೇಲೆ, ಆರ್ಮಿನ ಎರಡು ತುದಿಯಲ್ಲಿ, ಲೈಟಿನ ಬುಡದಲ್ಲಿ ಒಂದು ಇಂಚಿನ ಗುಂಡು ಇರುತ್ತದೆ. ಎರಡು ಗುಂಡುಗಳನ್ನು ಒಂದು ಕ್ಲ್ಯಾಂಪ್ ಕಚ್ಚಿ ಹಿಡಿಯುತ್ತದೆ. ಕ್ಲ್ಯಾಂಪ್ ಅಂದರೆ ಎರಡು ಅಲ್ಯೂಮಿನಿಯಂ ಪಟ್ಟಿ, ನಡುವೆ ಒಂದೇ ಬೋಲ್ಟು, ಅದನ್ನು ತಿರುಗಿಸಲು ಒಂದು ಹಿಡಿ. ಗುಂಡಿನ ನಡುವೆ ಒಂದು ಸುತ್ತು ಗಾಡಿ (ಸಣ್ಣ ತೋಡು) ಹೊಡೆದು ರಬ್ಬರ್ ಒ-ರಿಂಗ್ ಕೂರಿಸಿರುತ್ತಾರೆ. ಜಾರದಂತೆ ತಡೆಯುವುದು ಬಹುಪಾಲು ಆ ರಬ್ಬರೇ.

ಒಂದು ಇಂಚು ಅಂದರೆ 25.4 ಮಿಲಿಮೀಟರ್. ಅಲ್ಟ್ರಾಲೈಟ್ ಗುಂಡುಗಳಿಗೆ ವರ್ನಿಯರ್ ಅಳತೆಪಟ್ಟಿ ಹಿಡಿದರೆ ಎಲ್ಲವೂ ಒಂದೇ ಅಳತೆ. ಅಗ್ಗದ ಸೆಟ್‌ನಲ್ಲಿ ಒಂದು ಗುಂಡು 25.4, ಇನ್ನೊಂದು 25.1, ಮತ್ತೊಂದು 25. ನೋಡಲು ಏನೂ ವ್ಯತ್ಯಾಸ ಇಲ್ಲ. ಆದರೆ ಒಂದೇ ಬೋಲ್ಟು ಎರಡು ಗುಂಡನ್ನು ಹಿಡಿಯುವಾಗ, ದಪ್ಪ ಗುಂಡನ್ನು ಮೊದಲು ಕಚ್ಚುತ್ತದೆ. ಸಣ್ಣ ಗುಂಡು ಸಡಿಲವಾಗಿಯೇ ಉಳಿಯುತ್ತದೆ. ಸಣ್ಣದನ್ನೂ ಬಿಗಿ ಮಾಡೋಣ ಅಂತ ಇನ್ನೊಂದು ಸುತ್ತು ತಿರುಗಿಸಿದರೆ ಬೋಲ್ಟಿನ ಥ್ರೆಡ್ ಮೇಲೆ ಭಾರ. ಅಗ್ಗದ ಕ್ಲ್ಯಾಂಪುಗಳು ಸಾಯುವುದು ಹೀಗೆ. ಅಂದರೆ ಒಂದೇ ಕ್ಲ್ಯಾಂಪಿನಲ್ಲಿ ಒಂದು ಕಡೆ ಬ್ರಾಂಡೆಡ್ ಗುಂಡು, ಇನ್ನೊಂದು ಕಡೆ ಅಗ್ಗದ ಗುಂಡು ಹಾಕಿದರೆ ದುಬಾರಿ ಕ್ಲ್ಯಾಂಪೂ ಸುಮ್ನೆ ದಂಡ. ಕೀಲು ಅಂದರೆ ಕ್ಲ್ಯಾಂಪ್ ಮತ್ತು ಅದರ ಎರಡು ಗುಂಡು, ಮೂರೂ ಸೇರಿ. ಕೊಳ್ಳುವಾಗ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ನನ್ನ ಅಗ್ಗದ ಸೆಟ್‌ನ ಒಂದು ಕ್ಲ್ಯಾಂಪ್ ಬಾವಿಯಲ್ಲೇ ಕೈಕೊಟ್ಟಿತು. ಚನ್ನಗಿರಿ ಹತ್ತಿರದ ಒಂದು ಹಳೆ ಕಲ್ಲುಬಾವಿ. ಇಳಿಸುವಾಗ ಏನೂ ಆಗಲಿಲ್ಲ. ಮೇಲೆ ಎತ್ತುವಾಗ, ಸೆಟ್ ನೀರಿನಿಂದ ಹೊರಗೆ ಬರುವ ಹೊತ್ತಿಗೆ ಥ್ರೆಡ್ ಕಿತ್ತು ಬಂತು. ಒಂದು ಬದಿಯ ಆರ್ಮ್, ಲೈಟು ಎರಡೂ ಕೆಳಗೆ ಹೋದವು. ಅದು ಮುರಿಯುವ ಜಾಗವೇ ಅದು. ನೀರೊಳಗೆ ಸಾಮಾನು ಹಗುರವಾಗುತ್ತದೆ. ಒಂದು ಕೆಜಿ ಅಲ್ಯೂಮಿನಿಯಂ ನೀರಲ್ಲಿ ಸುಮಾರು 630 ಗ್ರಾಂ ತೂಗುತ್ತದೆ. ಲೈಟಿನಲ್ಲಿ ಒಳಗೆ ಗಾಳಿ ಇರುವುದರಿಂದ ಅದು ಇನ್ನೂ ಹಗುರ. ನೀರಿನ ಮಟ್ಟ ದಾಟಿದ ಕೂಡಲೇ ಪೂರ್ತಿ ತೂಕ ಒಮ್ಮೆಗೇ ಕೀಲಿನ ಮೇಲೆ ಬೀಳುತ್ತದೆ. ನೇತ್ರಾಣಿಯಲ್ಲಿ ದೋಣಿಗೆ ಹತ್ತುವ ಮೊದಲು ಕ್ಯಾಮೆರಾವನ್ನು ಮೇಲೆ ಕೊಡುವಾಗಲೂ ಇದೇ ಕಥೆ. ಆ ದಿನ ತೋಟದ ಯಜಮಾನರು ಪಕ್ಕದ ಮನೆಯಿಂದ ಪಾತಾಳಗರಡಿ ತರಿಸಿದರು. ಕೊಡಪಾನ ಎತ್ತುವ ಆ ಕೊಕ್ಕೆಗೆ ಲೈಟಿನ ದಾರ ಸಿಕ್ಕಿತು. ಲೈಟು ಬದುಕಿತು. ಕ್ಲ್ಯಾಂಪು ಸೀದಾ ಗುಜರಿಗೆ.

ಪ್ರತಿ ಲೈಟಿಗೂ, ಕ್ಯಾಮೆರಾಕ್ಕೂ ಬೇರೆ ಬೇರೆ ದಾರ ಕಟ್ಟಿ. ಟ್ರೇಗೆ ಒಂದು ದಾರ ಕಟ್ಟಿದ್ದೇನೆ ಅಂದರೆ ಸಾಲದು. ಆರು ಮಿಲಿಮೀಟರ್ ನೈಲಾನ್ ಹಗ್ಗ ಮಂಡಿಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬ್ರಾಂಡೆಡ್ ಲ್ಯಾನ್ಯಾರ್ಡ್‌ಗೆ ದುಡ್ಡು ಹಾಕುವುದು ಬೇಡ.

ಕೀಲು ಗಟ್ಟಿಯಿದ್ದರೆ ಸಾಮಾನು ಉಳಿಯುತ್ತದೆ, ಅದು ಸರಿ. ಚಿತ್ರದ ಗುಣವೂ ಅದರ ಮೇಲೇ ನಿಂತಿದೆ. ಇದನ್ನು ನನಗೆ ಕಲಿಸಿದ್ದು ಸೂಳೆಕೆರೆ. ಶಾಂತಿಸಾಗರ ಅಂತ ಬೋರ್ಡಿನ ಮೇಲೆ ಇದೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಇಲ್ಲಿಂದಲೂ ಹೋಗುತ್ತದೆ. ಮೀನು ಹಿಡಿಯುವವರ ತೆಪ್ಪದಲ್ಲಿ ಕೂತು ನಾನು ಕ್ಯಾಮೆರಾ ಇಳಿಸುತ್ತೇನೆ. ಮಳೆ ಬಂದ ಮೇಲೆ ನೀರಿನಲ್ಲಿ ಮಣ್ಣಿನ ಕಣ ತುಂಬಿರುತ್ತವೆ. ಲೈಟು ಲೆನ್ಸ್ ಹತ್ತಿರ ಇದ್ದರೆ ಆ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ. ಘಾಟಿಯಲ್ಲಿ ಮಂಜು ಕವಿದಾಗ ಕಾರಿನ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಾಣುತ್ತದಲ್ವಾ, ಹಾಗೆ. ಪರಿಹಾರ ಏನೆಂದರೆ ಲೈಟನ್ನು ಲೆನ್ಸ್‌ನಿಂದ ಎರಡೂ ಬದಿಗೆ ದೂರ ಚಾಚಬೇಕು, ಸ್ವಲ್ಪ ಹೊರಮುಖ ಮಾಡಬೇಕು. ಆಗ ಬೆಳಕಿನ ಅಂಚು ಮಾತ್ರ ಮೀನಿನ ಮೇಲೆ ಬೀಳುತ್ತದೆ, ಲೆನ್ಸ್ ಎದುರಿನ ಕಣಗಳು ಕತ್ತಲಲ್ಲೇ ಉಳಿಯುತ್ತವೆ. ಇದಕ್ಕೆ ಎಂಟು ಇಂಚಿನ ಆರ್ಮ್ ಬೇಕು, ಕೆಲವೊಮ್ಮೆ ಎರಡು ಆರ್ಮ್ ಜೋಡಿಸಬೇಕು. ಆರ್ಮ್ ಉದ್ದವಾದಷ್ಟೂ ಬುಡದ ಕೀಲಿನ ಮೇಲೆ ಎಳೆತ ಜಾಸ್ತಿ. ಅಗ್ಗದ ಸೆಟ್‌ನಲ್ಲಿ ಕೋಲು ಒಂದಿಷ್ಟು ಅಲ್ಲಾಡಿದರೂ ಲೈಟು ತಲೆ ಬಾಗಿಸಿ ಒಳಕ್ಕೆ ತಿರುಗುತ್ತಿತ್ತು. ಒಂದು ನಿಮಿಷ ಚೆಂದದ ಚಿತ್ರ, ಆಮೇಲೆ ಬರೀ ಚುಕ್ಕೆ. ಅಲ್ಟ್ರಾಲೈಟ್ ಹಾಕಿ ಅದೇ ಜಾಗದಲ್ಲಿ, ಅದೇ ಲೈಟಿನಲ್ಲಿ ತೆಗೆದ ವಿಡಿಯೋ ನೋಡಿ ನಮ್ಮ ಸ್ಟುಡಿಯೋ ಹುಡುಗ ಕ್ಯಾಮೆರಾ ಬದಲಾಯಿಸಿದ್ರಾ ಅಂತ ಕೇಳಿದ.

ಇನ್ನು ಕಡ್ಡಿಯ ವಿಷಯ. ಎರಡು ಗುಂಡಿನ ನಡುವಿನ ಆ ಅಲ್ಯೂಮಿನಿಯಂ ಕಡ್ಡಿಗೆ ಬ್ರಾಂಡ್ ಹೆಸರಿನಲ್ಲಿ ಮೂರು ಸಾವಿರ, ನಾಲ್ಕು ಸಾವಿರ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಅದನ್ನು ತೆಗೆದುಕೊಂಡು ನಾನು ನಮ್ಮೂರಿನ ಒಬ್ಬ ಲೇತ್ ಮೇಸ್ತ್ರಿ ಹತ್ತಿರ ಹೋದೆ. ಹಿಂದೆ ಇಲ್ಲಿನ ಬಟ್ಟೆ ಗಿರಣಿಯಲ್ಲಿ ಫಿಟರ್ ಆಗಿದ್ದವರು. ಅವರ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಲೇತ್ ಇನ್ನೂ ತಿರುಗುತ್ತಿದೆ. ಅವರು ಗುಂಡನ್ನು ಕೈಯಲ್ಲಿ ಉರುಳಿಸಿ ನೋಡಿ, "ಕಡ್ಡಿ ಮಾಡೋದೇನು ದೊಡ್ಡದಲ್ಲ ತಮ್ಮಾ. ಗುಂಡಿಗೆ ಒಂದು ಫಾರ್ಮ್ ಟೂಲ್ ಗ್ರೈಂಡ್ ಮಾಡ್ಕೋಬೇಕು. ಅಳತೆ ಬಿಟ್ಟು ಹೋದ್ರೆ ನನ್ ಹೆಸರು ಹಾಳು, ಎರಡು ದಿನ ಕೊಡು" ಅಂದರು. ಎಂಟು ಇಂಚಿನ ಎರಡು ಕಡ್ಡಿ, ತುದಿಯಲ್ಲಿ 25.4ರ ಗುಂಡು, ಒ-ರಿಂಗ್ ಗಾಡಿ ಸಮೇತ ಮಾಡಿಕೊಟ್ಟರು. ಮೆಟೀರಿಯಲ್ ಸೇರಿ ಒಂದಕ್ಕೆ 600 ರೂಪಾಯಿ. ಒ-ರಿಂಗ್‌ಗಳನ್ನು ಪಿ.ಬಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ತಂದೆ. ಅಲ್ಟ್ರಾಲೈಟ್ ಕ್ಲ್ಯಾಂಪಿಗೆ ಇವು ಚೆನ್ನಾಗಿ ಕೂರುತ್ತವೆ.

ಆದರೆ ಇವಕ್ಕೆ ಆನೋಡೈಸ್ ಆಗಿಲ್ಲ, ಅಂದರೆ ಅಲ್ಯೂಮಿನಿಯಂ ಮೇಲೆ ಬರಿಸುವ ಗಟ್ಟಿ ರಕ್ಷಣೆಯ ಪದರ ಇಲ್ಲ. ಬಾವಿಗೆ, ಕೆರೆಗೆ ಧಾರಾಳ ಸಾಕು. ಸಮುದ್ರಕ್ಕೆ ನಾನು ಒಯ್ಯುವುದಿಲ್ಲ. ಉಪ್ಪು ನೀರಿನಲ್ಲಿ ಬರೀ ಅಲ್ಯೂಮಿನಿಯಂ ಮೇಲೆ ಬೇಗ ಬಿಳಿ ಪುಡಿ ಏಳುತ್ತದೆ.

ಆ ಮೇಸ್ತ್ರಿ ಹತ್ತಿರ ಇನ್ನೊಂದು ಉಪಯೋಗದ ವಿಷಯ ಸಿಕ್ಕಿತು. ಲಾಕ್‌ಲೈನ್ ಅಂತ ಕರೆಯುವ, ಗಂಟು ಗಂಟಾಗಿ ಬಾಗುವ ಪ್ಲಾಸ್ಟಿಕ್ ಆರ್ಮ್ ಇದೆ. ಕಡಿಮೆ ತೂಕದ ಲೈಟಿಗೆ ಬಹಳ ಜನ ಅದನ್ನೇ ಹಾಕುತ್ತಾರೆ. ನನ್ನ ಫೋನಿನಲ್ಲಿ ಅದರ ಫೋಟೋ ನೋಡಿದ ಮೇಸ್ತ್ರಿ ಮೆಷಿನ್ ಕಡೆ ಕೈ ತೋರಿಸಿದರು. ಲೇತ್‌ನಲ್ಲಿ ಕಟಿಂಗ್ ಟೂಲ್ ಮೇಲೆ ಕೂಲೆಂಟ್ ಬಿಡುವ ಪೈಪು ಅದೇ. ನಿಜವಾಗಿ ಅದು ಹುಟ್ಟಿದ್ದೇ ಮೆಷಿನ್ ಕೆಲಸಕ್ಕೆ, ಆಮೇಲೆ ಡೈವಿಂಗ್ ಮಾಡಿ ಮುಳುಗುವವರ ಕೈಗೆ ಬಂತು. ಮುಕ್ಕಾಲು ಇಂಚಿನ ಕೂಲೆಂಟ್ ಪೈಪು ಮೆಷಿನ್ ಟೂಲ್ಸ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸಣ್ಣ ಟಾರ್ಚ್ ಹಿಡಿಸಿ ಸಂಪು, ಓವರ್‌ಹೆಡ್ ಟ್ಯಾಂಕ್ ನೋಡುವವರಿಗೆ ಇಷ್ಟು ಸಾಕು, ಗುಂಡು ಕ್ಲ್ಯಾಂಪಿನ ಗೊಡವೆಯೇ ಬೇಡ. ಭಾರದ ಲೈಟಿಗೆ ಮಾತ್ರ ಬೇಡ, ನೀರಿನಿಂದ ಹೊರಗೆ ಬಂದ ಕೂಡಲೇ ಬಾಗಿಬಿಡುತ್ತದೆ.

ಟ್ರೇ, ಹಿಡಿಕೆ ಅಗ್ಗದ್ದೇ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ದೂರು ಹೇಳುವಂಥದ್ದು ಒಂದೇ, ಹಿಡಿಕೆ ಕೂರುವ ಥ್ರೆಡ್ಡು ಸಣ್ಣ ದಪ್ಪದ ಅಲ್ಯೂಮಿನಿಯಂನಲ್ಲಿ ಇರುತ್ತದೆ, ನಾಲ್ಕಾರು ಸಲ ಬಿಚ್ಚಿ ಹಾಕಿದರೆ ಸವೆಯುತ್ತದೆ. ಮೇಸ್ತ್ರಿ ಅಲ್ಲಿ ಸ್ಟೀಲ್ ಹೆಲಿಕಾಯಿಲ್ ಹಾಕಿಕೊಟ್ಟರು. ಬೈಕಿನ ಸ್ಪಾರ್ಕ್ ಪ್ಲಗ್ ಥ್ರೆಡ್ ಹೋದಾಗ ಮೆಕ್ಯಾನಿಕ್ ಹಾಕುತ್ತಾರಲ್ಲ, ಅದೇ. ಆಮೇಲೆ ತೊಂದರೆ ಇಲ್ಲ.

ಗೋಪ್ರೋ ತರಹದ ಕ್ಯಾಮೆರಾ ಹಿಡಿಸುವ ಮೂರು ಬೆರಳಿನ ಪ್ಲಾಸ್ಟಿಕ್ ಮೌಂಟ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಅಗ್ಗದ್ದು ತರಬೇಡಿ. ನಮ್ಮ ಚಿತ್ರದುರ್ಗ, ದಾವಣಗೆರೆ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಬೇಸಿಗೆ ಬಿದ್ದಿದ್ದರೆ ಸಾದಾ ಎಬಿಎಸ್ ಪ್ಲಾಸ್ಟಿಕ್ ಪೆಡಸಾಗುತ್ತದೆ, ತಿರುಪು ಬಿಗಿದಾಗ ಬೆರಳು ಬಿರುಕು ಬಿಡುತ್ತದೆ. ಅಲ್ಯೂಮಿನಿಯಂನಲ್ಲಿ ಮಾಡಿದ ಇದೇ ಮೌಂಟ್ ಕೆಲವೇ ನೂರು ರೂಪಾಯಿ. ಗೋಪ್ರೋ ಹೀರೋ 12ರಿಂದ ಈಚೆಗೆ ಕ್ಯಾಮೆರಾದ ಬುಡದಲ್ಲೇ ಟ್ರೈಪಾಡ್ ಥ್ರೆಡ್ ಕೊಟ್ಟಿದ್ದಾರೆ, ಬಹಳ ಒಳ್ಳೆಯ ಕೆಲಸ. ಆದರೆ ಬರೀ ಕ್ಯಾಮೆರಾ 10 ಮೀಟರ್ ಆಳಕ್ಕೆ ಮಾತ್ರ. ಅದಕ್ಕಿಂತ ಕೆಳಗೆ ಹೋಗುವಾಗ ಹೌಸಿಂಗ್ (ನೀರು ಒಳಗೆ ಬಿಡದ ಪೆಟ್ಟಿಗೆ) ಹಾಕಲೇಬೇಕು, ಆಗ ಆ ಥ್ರೆಡ್ ಒಳಗೆ ಮುಚ್ಚಿಹೋಗಿ ಮತ್ತೆ ಬೆರಳಿನ ಮೌಂಟೇ ಗತಿ.

ಈಗ ಸಮುದ್ರಕ್ಕೆ ಬರುತ್ತೇನೆ. ಮಳೆಗಾಲ ಮುಗಿದ ಮೇಲೆ ಶಿವಮೊಗ್ಗ, ಸಾಗರ, ಜೋಗ ದಾಟಿ ಹೊನ್ನಾವರಕ್ಕೆ ಇಳಿದು ಮುರ್ಡೇಶ್ವರಕ್ಕೆ ಹೋಗುತ್ತೇವೆ. ನೇತ್ರಾಣಿಯ ನೀರು ತಿಳಿ ಇದ್ದ ದಿನ ಬಂಡೆಯ ಸಂದಿಯ ಮೀನುಗಳನ್ನು ನೋಡುವ ಸಂತೋಷ ಬರೆದು ಮುಗಿಯುವಂಥದ್ದಲ್ಲ. ಆದರೆ ಒಂದೇ ವಾರಾಂತ್ಯದಲ್ಲಿ ಅಗ್ಗದ ಸೆಟ್‌ನ ಬಣ್ಣ ಬಯಲಾಗುವುದು ಅಲ್ಲೇ. ಕ್ಲ್ಯಾಂಪಿನ ವಾಷರ್ ಸುತ್ತ ಕಂದು ತುಕ್ಕು. ಬೋಲ್ಟು ಸ್ಟೇನ್‌ಲೆಸ್ ಅಂತ ಬರೆದಿತ್ತು, ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿತು. ಅದು ಬರೀ ಮೇಲೆ ಲೇಪ ಕೊಟ್ಟ ಕಬ್ಬಿಣ ಇರಬೇಕು. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅಂತ ನಿಶ್ಚಿಂತೆಯಿಂದ ಇರುವಂತಿಲ್ಲ, ಅದೂ ಗೊತ್ತಿರಲಿ. ಸ್ಟೇನ್‌ಲೆಸ್ ಸ್ಟೀಲಿನ 304, 316 ದರ್ಜೆ ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪು ನೀರನ್ನು ತಡೆಯುವುದು ಅದರಿಂದ. ಬೋಲ್ಟಿನ ತಲೆಯ ಮೇಲೆ ಎ2 ಅಂತಿದ್ದರೆ 304ರ ಗುಂಪು, ಎ4 ಅಂತಿದ್ದರೆ 316ರ ಗುಂಪು. ಅಗ್ಗದ ಕ್ಲ್ಯಾಂಪನ್ನು ಸಮುದ್ರಕ್ಕೆ ಒಯ್ಯಲೇಬೇಕಾದರೆ ಎಲ್ಲಕ್ಕಿಂತ ಮೊದಲು ಬೋಲ್ಟು ಬದಲಾಯಿಸಿ ಎ4 ಹಾಕಿ. ದಾವಣಗೆರೆಯ ಅಂಗಡಿಗಳಲ್ಲಿ ನನಗೆ 304 ಕೂಡಲೇ ಸಿಕ್ಕಿತು, 316 ಹೇಳಿ ತರಿಸಿಕೊಂಡೆ.

ಒಳ್ಳೆಯ ಬೋಲ್ಟು ಹಾಕಿದರೂ ಒಂದು ಜಗಳ ಉಳಿಯುತ್ತದೆ. ಸ್ಟೀಲು, ಅಲ್ಯೂಮಿನಿಯಂ ಎರಡೂ ಉಪ್ಪು ನೀರಿನಲ್ಲಿ ತಾಗಿಕೊಂಡಿದ್ದರೆ ನಡುವೆ ಸಣ್ಣದೊಂದು ಬ್ಯಾಟರಿಯೇ ಹುಟ್ಟುತ್ತದೆ. ಸವೆಯುವುದು ಅಲ್ಯೂಮಿನಿಯಂ. ಥ್ರೆಡ್ ಒಳಗೆ ಬಿಳಿ ಪುಡಿ ಕಟ್ಟಿ ಬೋಲ್ಟು ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಇಕ್ಕಳ ಹಾಕಿದರೂ ಬರುವುದಿಲ್ಲ. ಇದು ದುಬಾರಿ ಸೆಟ್‌ಗೂ ತಪ್ಪಿದ್ದಲ್ಲ. ವ್ಯತ್ಯಾಸ ಅಂದರೆ ಅದರ ಆನೋಡೈಸ್ ಪದರ ದಪ್ಪ, ಗೀಚಿದರೂ ಬೇಗ ಏಳುವುದಿಲ್ಲ. ಅದಕ್ಕೆ ಬಿಡಿ ಬೋಲ್ಟು, ಬಿಡಿ ಹಿಡಿ ಬೇರೆಯಾಗಿ ಸಿಗುತ್ತವೆ. ಎರಡು ಸೆಟ್‌ಗೂ ಮದ್ದು ಒಂದೇ. ಸಮುದ್ರಕ್ಕೆ ಇಳಿಯುವ ಮೊದಲು ಥ್ರೆಡ್‌ಗೆ ಗ್ರೀಸ್, ಬಂದ ದಿನವೇ ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ನೆನೆ ಹಾಕುವುದು. ಸುಮ್ನೆ ನಲ್ಲಿ ಕೆಳಗೆ ಹಿಡಿದರೆ ಒಳಗಿನ ಉಪ್ಪು ಹೋಗುವುದಿಲ್ಲ.

ಸಿಹಿನೀರು ಅಂದೆನಲ್ಲ, ಅದರಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಕಷ್ಟ ಇದೆ. ಇದನ್ನು ಬೇರೆ ಊರಿನ ವಿಮರ್ಶೆಗಳಲ್ಲಿ ನಾನು ಓದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್ಟಿಗೆ, ಗೀಸರ್‌ಗೆ ಬಿಳಿ ಪೊರೆ ಕಟ್ಟುವುದು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಅದೇ ನೀರಿನಲ್ಲಿ ತೊಳೆದು ಒಣಗಿಸಿದರೆ ಗುಂಡಿನ ಮೇಲೆ, ಒ-ರಿಂಗ್ ಕೂರುವ ಗಾಡಿಯಲ್ಲಿ ಸುಣ್ಣದ ಪದರ ನಿಲ್ಲುತ್ತದೆ. ಕೀಲು ತಿರುಗಿಸಿದರೆ ಕರಕರ ಅನ್ನುತ್ತದೆ, ಒ-ರಿಂಗ್ ಉಜ್ಜಿ ಹರಿಯುತ್ತದೆ. ನಿಂಬೆಹಣ್ಣು, ವಿನೆಗರ್ ಹಾಕಿ ಉಜ್ಜಲು ಹೋಗಬೇಡಿ. ಹುಳಿ ಹೆಚ್ಚು ಹೊತ್ತು ನಿಂತರೆ ಆನೋಡೈಸ್ ಪದರಕ್ಕೇ ಪೆಟ್ಟು. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಒಂದು ಕ್ಯಾನ್ ಆರ್‌ಒ ನೀರು ಹಿಡಿದು ತನ್ನಿ. ಮೊದಲು ನಲ್ಲಿ ನೀರಿನಲ್ಲಿ ನೆನೆ ಹಾಕಿ, ಕೊನೆಯ ಸಲ ಈ ನೀರಿನಲ್ಲಿ ಅದ್ದಿ ತೆಗೆಯಿರಿ. ನನ್ನ ಅಲ್ಟ್ರಾಲೈಟ್ ಕೀಲುಗಳು ಈಗಲೂ ನುಣ್ಣಗೆ ತಿರುಗುವುದಕ್ಕೆ ಆ ಐದು ರೂಪಾಯಿಯೂ ಕಾರಣ.

ತೇಲುವ ಆರ್ಮ್ ಬೇಕಾ ಅಂತಲೂ ಕೇಳುತ್ತಾರೆ. ಒಳಗೆ ಗಾಳಿ ಇರುವ ಕಾರ್ಬನ್ ಆರ್ಮ್‌ಗಳು ಅವು. ಕೈಗೆ ಬೀಳುವ ಭಾರ ಕಡಿಮೆ ಮಾಡುತ್ತವೆ, ಬೆಲೆ ಬಹಳ. ಕೋಲಿನಿಂದ ಇಳಿಸುವ ನಮ್ಮಂಥ ಕೆಲಸಕ್ಕೆ ಬೇಡವೇ ಬೇಡ. ಮುಳುಗುವವರು ಫೋಮ್ ಸುತ್ತಬಹುದು, ಆದರೆ ಮೆತ್ತನೆಯ ಫೋಮ್ ಆಳದಲ್ಲಿ ಕುಗ್ಗುತ್ತದೆ. 10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು, ಒಳಗಿನ ಗಾಳಿಯ ಜಾಗ ಅರ್ಧ. ನಾನು ತೋಟದ ಪಿವಿಸಿ ಪೈಪಿನ ಎರಡು ಗೇಣು ತುಂಡಿಗೆ ಎರಡೂ ಕಡೆ ಮುಚ್ಚಳ ಅಂಟಿಸಿ ಆರ್ಮಿಗೆ ಕಟ್ಟಿಕೊಂಡಿದ್ದೇನೆ. ನೇತ್ರಾಣಿಯಲ್ಲೂ ಕುಗ್ಗಿಲ್ಲ, ಸೋರಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಬಾವಿ, ಸಂಪು, ಕೃಷಿ ಹೊಂಡ ಮಾತ್ರ ನೋಡುವವರು ಅಗ್ಗದ ಟ್ರೇ, ಹಿಡಿಕೆ ತಗೊಳ್ಳಿ, ಕ್ಲ್ಯಾಂಪ್ ಎರಡಾದರೂ ಒಳ್ಳೆಯವು ತಗೊಂಡು ಟ್ರೇ ಹತ್ತಿರದ ಬುಡದ ಕೀಲಿಗೆ ಹಾಕಿ, ಎಳೆತ ಜಾಸ್ತಿ ಇರುವುದು ಅಲ್ಲೇ. ಅವುಗಳ ಗುಂಡು ಸರಿ ಅಳತೆಯವೇ ಇರಲಿ. ತುದಿಯ ಕೀಲಿಗೆ ಅಗ್ಗದ್ದು ನಡೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಸಮುದ್ರಕ್ಕೆ ಇಳಿಯುವವರು ಕೀಲುಗಳನ್ನೆಲ್ಲ ಒಳ್ಳೆಯದನ್ನೇ ಕೊಳ್ಳಿ. ನಾಟಿಕ್ಯಾಮ್, ಇನಾನ್ ಕಂಪನಿಗಳ ಒಂದು ಇಂಚಿನ ಸಾಮಾನೂ ಇದೇ ದರ್ಜೆಯವು, ಯಾವುದು ಬೇಗ ಕೈಗೆ ಸಿಗುತ್ತದೋ ಅದು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಗೋವಾ, ಮುರ್ಡೇಶ್ವರದ ಕಡೆ ಡೈವಿಂಗ್ ಕಲಿಸುವವರು ಆಗಾಗ ಹಳೆಯದನ್ನು ಮಾರುತ್ತಾರೆ. ಗೀಚು, ಬಣ್ಣ ಮಾಸಿದ್ದು ನೋಡಿ ಹೆದರಬೇಡಿ. ಬೋಲ್ಟನ್ನು ಪೂರ್ತಿ ಬಿಚ್ಚಿಸಿ ನೋಡಿ. ಕೈಯಲ್ಲೇ ಬಿಚ್ಚಿ ಬಂದರೆ, ಥ್ರೆಡ್‌ನಲ್ಲಿ ಬಿಳಿ ಪುಡಿ ಇಲ್ಲದಿದ್ದರೆ, ಗುಂಡಿಗೆ ವರ್ನಿಯರ್ 25.4 ತೋರಿಸಿದರೆ ಅರ್ಧ ಬೆಲೆಗೆ ಧೈರ್ಯವಾಗಿ ತಗೊಳ್ಳಿ. ಒ-ರಿಂಗ್ ಹೇಗಿದ್ದರೂ ಹೊಸದು ಹಾಕಿಕೊಳ್ಳಿ.